ಕೆಂಪು ಆಕಾಶ, ಬಿಳಿಯನ ಗಂಟೆ

ಭೂಮಿಯ ಉತ್ತರ ತುದಿಯ ನಮ್ಮ ಕರಿಕೆರೆಯ ಮೇಲೆ ಆ ದಿನ ಆಕಾಶದಲ್ಲಿ ಎದ್ದ ಬೆಳಕಿಗೆ ನೆಲದಡಿ ಮಲಗಿದ್ದ ಸತ್ತವರೆಲ್ಲ ಎದ್ದು ಕೂತು ಕಾಫಿ ಕೇಳಿದರು. ಇದರಲ್ಲಿ ಅರ್ಧ ಸುಳ್ಳು, ಒಪ್ಪಿಕೊಂಡೆ. ಸತ್ತವರು ಏಳಲಿಲ್ಲ. ಕಾಫಿ ಕೇಳಿದ್ದು ಮಾತ್ರ ನಿಜ. ಕೇಳಿದವರು ಬದುಕಿದ್ದವರೇ, ದಕ್ಷಿಣದಿಂದ ಕಾರು ತುಂಬಿಕೊಂಡು ಫೋಟೋ ತೆಗೆಯಲು ಬಂದವರು. ನಮ್ಮ ರೂಢಿಯ ಹಾಗೆ ಕೊಟ್ಟ ಕಾಫಿಯಲ್ಲಿ ಚೀಸಿನ ತುಂಡು ತೇಲುತ್ತಿದ್ದದ್ದನ್ನು ಕಂಡು, ಸತ್ತ ಇಲಿಯನ್ನು ಎತ್ತುವ ಹಾಗೆ ಎರಡು ಬೆರಳಲ್ಲಿ ಎತ್ತಿ ಹಿಮಕ್ಕೆ ಎಸೆದರು.

ಸುನ್ನಾ ಅದನ್ನು ಕಿಟಕಿಯಿಂದ ನೋಡಿದಳು. ಆ ಚೀಸು ಅವಳ ಕೈಯಾರೆ ಮಾಡಿದ್ದು.

ಸುನ್ನಾ ಅಂದರೆ ಕರಿಕೆರೆಯ ದಡದಲ್ಲಿ ಒಬ್ಬಳೇ ಇದ್ದುಕೊಂಡು, ಗಂಡ ಹೋದ ಮೇಲೂ ಹಿಮಸಾರಂಗದ ಹಿಂಡು ಬಿಡದ ಹೆಂಗಸು. ಅವಳ ಬಾಯಿಗೆ ಹೆದರಿ ತೋಳಗಳು ಬೇರೆ ಕಣಿವೆಗೆ ಸಂಸಾರ ಬದಲಾಯಿಸಿದವು ಎನ್ನುತ್ತಾರೆ. ಆ ನವೆಂಬರಿನಲ್ಲಿ ಅವಳ ಹಿಂಡು ಮನೆಯ ಹಿಂದಿನ ಬರ್ಚ್ ಮರದ ದಿಬ್ಬದಾಚೆ ಮೇಯುತ್ತಿತ್ತು. ಅಕ್ಕಪಕ್ಕದ ಮನೆತನಗಳು ಬಂದು, ಕಿವಿಯ ಗುರುತು ನೋಡಿ, ಯಾರದು ಯಾರಿಗೆ ಎಂದು ಬೇರ್ಪಡಿಸುವ ದಿನ ಹತ್ತಿರವಿತ್ತು. ಅಲ್ಲಿಯವರೆಗೆ ಹಿಂಡು ಚದುರಬಾರದು, ಮುಖ್ಯವಾಗಿ ಕೆರೆಗೆ ಇಳಿಯಬಾರದು. ಆ ವರ್ಷ ಶರತ್ಕಾಲ ಹಾಳು ನೆಂಟನ ಹಾಗೆ ಎದ್ದು ಹೋಗದೆ ಕೂತುಬಿಟ್ಟಿತ್ತು. ಕೆರೆ ತಡವಾಗಿ ಹೆಪ್ಪುಗಟ್ಟಿತ್ತು. ಒಬ್ಬ ಮನುಷ್ಯ ನಡೆದರೆ ತಾಳುತ್ತಿತ್ತು, ಒಂದು ಸಾರಂಗ ನಡೆದರೂ ತಾಳುತ್ತಿತ್ತು. ಹಿಂಡು ಇಳಿದರೆ ಮಾತ್ರ ಕೆರೆಗೆ ಊಟ, ಸುನ್ನಾಳಿಗೆ ಉಪವಾಸ.

ಇಂಥ ಹೊತ್ತಿಗೆ ರೇಡಿಯೋದಲ್ಲಿ ಸುದ್ದಿ ಬಂತು. ಸೂರ್ಯನ ಮೈಮೇಲೆ ಏನೋ ಸಿಡಿದಿದೆ, ಅದರ ಬಿರುಗಾಳಿ ಭೂಮಿಗೆ ಬಡಿಯುತ್ತದೆ, ಎಷ್ಟೋ ವರ್ಷಗಳಿಂದ ಕಾಣದಂಥ ಬೆಳಕು ಆಕಾಶದಲ್ಲಿ ಏಳುತ್ತದೆ, ಎಂದು. ಕಾರುಗಳು ಬಂದವು. ಕಾರುಗಳ ಜೊತೆ ಸುನ್ನಾಳ ತಂಗಿಯ ಮಗ ಹೇಯ್ಕಾನೂ ಬಂದ. ಪಟ್ಟಣದಲ್ಲಿ ಬೆಳೆದವನು, ಈಗ ಬೆಳಕು ತೋರಿಸುವುದೇ ಅವನ ಕಸುಬು. ಆಕಾಶದಲ್ಲಿ ಬಿಟ್ಟಿ ಸಿಗುವುದನ್ನು ಬೆರಳಿಟ್ಟು ತೋರಿಸುವುದೂ ಒಂದು ಕಸುಬೇ ಎಂದು ಸುನ್ನಾ ನಕ್ಕಿದ್ದಳು. ಅವನೋ, ಒಂದು ಗುಂಪಿಗೆ ಆ ಬೆಳಕು ಅಜ್ಜಂದಿರ ಆತ್ಮ ಎನ್ನುತ್ತಿದ್ದ, ಇನ್ನೊಂದು ಗುಂಪಿಗೆ ನರಿಯ ಬಾಲ ಎನ್ನುತ್ತಿದ್ದ. ಹೆಂಗಸರು ಹೆಚ್ಚಿದ್ದರೆ ಮದುವೆಯಾಗದೆ ಸತ್ತ ಹುಡುಗಿಯರ ಶಾಲು ಎನ್ನುತ್ತಿದ್ದ.

ಬಾಗಿಲು ತಟ್ಟದೆ ಒಳಗೆ ಬಂದ.

"ದೊಡ್ಡಮ್ಮ, ನಿನ್ ಸಾರಂಗ ಬಿಳಿಯನ್ನ ಸ್ವಲ್ಪ ಹೊತ್ತು ಕೊಡು, ಫೋಟೋಕ್ಕೆ."

"ಮೊದ್ಲು ನಿನ್ ತಲೆ ಮೇಲಿರೋದೇನು ಅದ್ ಹೇಳು."

"ಟೋಪಿ."

"ಯಾರ್ದು?"

"ನಾಲ್ಕ್ ಮೂಲೆದು ಫೋಟೋದಲ್ಲಿ ಚೆನ್ನಾಗ್ ಬರುತ್ತೆ ದೊಡ್ಡಮ್ಮ, ಅದಕ್ಕೆ."

"ಆಚೆ ಕಣಿವೆಯೋರ ಟೋಪಿ ಅದು. ನಿಮ್ಮಪ್ಪ ಇದ್ದಿದ್ರೆ ಅದನ್ನ ನೀರಿಗ್ ಬಿಟ್ಟು ಮೀನ್ ಹಿಡೀತಿದ್ದ. ನಿನ್ನ ಹಿಂಗೆ ನೋಡಿದ್ರೆ ಜನ ನಿಮ್ಮಮ್ಮನ ಮೇಲೆ ಅನುಮಾನ ಪಡ್ತಾರೆ ಕಣೋ. ಇವನ್ನ ಎಲ್ಲಿಂದ ತಂದ್ಲು ಅಂತ."

ಹೇಯ್ಕಾ ಹಲ್ಲು ಕಿರಿದ. ಅವನ ಹಿಂದೆ ಬಾಗಿಲಲ್ಲಿ ಒಬ್ಬ ಉದ್ದನೆಯ ಮನುಷ್ಯ ನಿಂತಿದ್ದ, ವಿಲ್ಮರ್ ಎಂದು ಹೆಸರು, ಗುಂಪಿಗೆಲ್ಲ ದೊಡ್ಡ ಫೋಟೋದವನಂತೆ. ಕೊರಳಲ್ಲಿ ಎರಡು ಕ್ಯಾಮೆರಾ, ಗಡ್ಡದಲ್ಲಿ ಮೂಗಿನ ನೀರು ಹೆಪ್ಪುಗಟ್ಟಿ ನೇತಾಡುತ್ತಿತ್ತು. ಸುನ್ನಾಳನ್ನು ತಲೆಯಿಂದ ಕಾಲಿನವರೆಗೆ ನೋಡಿ ಏನೋ ಅಂದ.

"ಏನಂತೆ?"

"ನಿನ್ ಮುಖದಲ್ಲಿ ತುಂಬಾ ಕಥೆ ಇದ್ಯಂತೆ."

"ಅವನ ಗಡ್ಡದಲ್ಲಿ ತುಂಬಾ ಸಿಂಬಳ ಇದೆ ಅಂತ ಹೇಳು."

ಹೇಯ್ಕಾ ಅವನಿಗೆ ಏನು ಹೇಳಿದನೋ, ಆ ಮನುಷ್ಯ ಎದೆಯ ಮೇಲೆ ಕೈಯಿಟ್ಟು ಬಗ್ಗಿ ನಮಸ್ಕಾರ ಮಾಡಿದ. ಸುನ್ನಾ ಕಿಟಕಿಯ ಕಡೆ ಮುಖ ತಿರುಗಿಸಿದಳು. ಅಷ್ಟರಲ್ಲೇ ಸೌದೆ ರಾಶಿಯ ಹಿಂದಿನಿಂದ ಒಬ್ಬ ಪ್ಯಾಂಟು ಏರಿಸಿಕೊಳ್ಳುತ್ತ ಬಂದ. ಬೆಳಗ್ಗೆಯಿಂದ ಆ ಹಿಮದ ತುಂಬ ಹಳದಿ ತೂತುಗಳು. ಬರ್ಚ್ ಮರದ ಕೊಂಬೆಗಳಲ್ಲಿ ಅವರು ಲೆನ್ಸು ಒರೆಸಿ ಬಿಸಾಡಿದ ಒದ್ದೆ ಕಾಗದ ನೇತಾಡುತ್ತಿತ್ತು. ಕೈ ಬೆಚ್ಚಗಿಡುವ ಪೊಟ್ಟಣಗಳನ್ನು ನಾಯಿ ಹರಿದು ತಿಂದು ಬಾಗಿಲ ಮುಂದೆಯೇ ಕಕ್ಕಿತ್ತು. ಆ ಕಕ್ಕಿದ್ದನ್ನೂ ಒಬ್ಬಳು ಬಗ್ಗಿ ಫೋಟೋ ತೆಗೆದುಕೊಂಡಳು.

ಇಷ್ಟಾದ ಮೇಲೂ ಸುನ್ನಾ ಬಿಳಿಯನನ್ನು ಕೊಟ್ಟಳು. ಕೊಟ್ಟಿದ್ದು ಪ್ರೀತಿಗಲ್ಲ. ಬೇರ್ಪಡಿಸುವ ದಿನ ಕೊಂಬು ಹಿಡಿದು ಎಳೆಯಲು ಅವಳಿಗೆ ಗಂಡಸಿನ ತೋಳು ಬೇಕಿತ್ತು. ಬಂದು ದುಡಿಯುತ್ತೇನೆ ಎಂದು ಹೇಯ್ಕಾ ತಾಯಿಯ ಮೇಲೆ ಆಣೆ ಇಟ್ಟ.

ಬಿಳಿಯ ಹಿಂಡಿನ ಮುಂದಾಳು. ಬೀಜ ಒಡೆಸಿದ, ಹಾಲಿನ ಬಣ್ಣದ, ಸಾಧು ಗಂಡು. ಅವನ ಕೊರಳಲ್ಲಿ ಹಿತ್ತಾಳೆಯ ಗಂಟೆ. ಗಂಟೆ ಹೋದ ಕಡೆ ಹಿಂಡು ಹೋಗುತ್ತದೆ. ಬೆಟ್ಟ ಹತ್ತಿಸಲು, ಹೊಳೆ ದಾಟಿಸಲು ಅದೊಂದೇ ಉಪಾಯ, ಸುನ್ನಾಳ ಅಮ್ಮನ ಕಾಲದಿಂದಲೂ. ಹಿಂಡು ಹಿಂದೆ ಬರುವುದು ಬೇಡವಾದಾಗ ಗಂಟೆಯ ಬಾಯಿಗೆ ಒಣಹುಲ್ಲು ತುರುಕುತ್ತಾರೆ, ನಾವು ಚಳಿಗೆ ಬೂಟಿನೊಳಗೆ ತುಂಬಿಕೊಳ್ಳುವ ಅದೇ ಹುಲ್ಲು. ಆಕಾಶದಲ್ಲಿ ಬೆಳಕು ಎದ್ದಾಗಲೂ ಅಷ್ಟೇ. ಶಿಳ್ಳೆ ಹಾಕಬಾರದು, ಕೈ ಬೀಸಬಾರದು, ಗಂಟೆ ಬಾಯಿ ಮುಚ್ಚಿರಬೇಕು. ಮೇಲಿನವರು ಕೇಳಿಸಿಕೊಳ್ಳುತ್ತಾರೆ ಎಂದು ಅಮ್ಮ ಹೇಳುತ್ತಿದ್ದಳು. ಸುನ್ನಾಳಿಗೆ ಮೇಲಿನವರ ಕಿವಿಯ ಚಿಂತೆ ಅಷ್ಟಾಗಿ ಇರಲಿಲ್ಲ. ದಿಬ್ಬದಾಚೆಯ ಕಿವಿಗಳ ಚಿಂತೆ ಇತ್ತು.

ಅವಳೇ ಕೂತು, ಬೆರಳು ನೋಯುವಷ್ಟು ಒತ್ತಿ ಹುಲ್ಲು ತುರುಕಿದಳು.

"ಇದನ್ನ ಮುಟ್ಟಿದ್ಯೋ, ನಿನ್ ಕೈ ಮುರ್ದು ಇದೇ ಗಂಟೆಗೆ ನಾಲಿಗೆ ಮಾಡಿ ಹಾಕ್ತೀನಿ."

"ಆಯ್ತು ದೊಡ್ಡಮ್ಮ."

"ದಡದ ಹತ್ರಾನೇ ನಿಲ್ಸು. ತೊರೆ ಬಂದು ಸೇರೋ ಕಡೆ ಹೋಗ್ಬೇಡ, ಅಲ್ಲಿ ಮಂಜುಗಡ್ಡೆ ತೆಳು."

"ನಾನೇನ್ ಮಗೂನಾ?"

"ಮಗು ಆಗಿದ್ರೆ ಹೇಳಿದ್ ಕೇಳ್ತಿದ್ದೆ, ಕೆಲ್ಸಕ್ ಬಾರದ ಉದುರಿದ ಕೊಂಬೇ. ಹೋಗು."

ಮಧ್ಯಾಹ್ನದ ಊಟದ ತಟ್ಟೆ ತೊಳೆಯುವಷ್ಟರಲ್ಲಿ ಕತ್ತಲಾಗುವ ಕಾಲ ಅದು. ತಟ್ಟೆ ಒರೆಸಿಡುವಾಗ ಬೆಳಕು ಎದ್ದಿತು. ಮೊದಲು ಉತ್ತರದಲ್ಲಿ ಹಸಿರು, ನಾವು ದಿನಾ ನೋಡುವಂಥದ್ದೇ. ಆಮೇಲೆ ನೆತ್ತಿಯ ಮೇಲೆ ಕೆಂಪು ಒಡೆಯಿತು. ಗುಲಾಬಿ, ಕುಂಕುಮ ಅಂತೆಲ್ಲ ಹೋಲಿಸುವವರು ಹೋಲಿಸಲಿ. ಸುನ್ನಾಳಿಗೆ ಕಂಡದ್ದು ಕೊಯ್ದ ಸಾರಂಗದ ಹೊಟ್ಟೆ. ಚರ್ಮ ಸುಲಿದು ಹಿಮದ ಮೇಲೆ ಹರವಿದಾಗ ಒಳಗಿನದೆಲ್ಲ ಹೇಗೆ ಕೆಂಪಗೆ, ಜಾರುತ್ತ, ಹೊಗೆಯಾಡುತ್ತ ಹೊರಗೆ ಬರುತ್ತದೋ ಹಾಗೆ ಆಕಾಶ ಹೊರಗೆ ಬಂತು. ಹಿಮ ಕೆಂಪಾಯಿತು, ಸೌದೆ ಕೆಂಪಾಯಿತು, ಅವಳ ಕೈಯೂ ಕೆಂಪಾಯಿತು. ಅದರ ಕೆಳಗೆ ದಡದಲ್ಲಿ ಸಾಲಾಗಿ ಮೂರು ಕಾಲಿನ ಸ್ಟ್ಯಾಂಡುಗಳು, ಅವುಗಳ ಹಿಂದೆ ಬಗ್ಗಿದ ಅಂಡುಗಳು. ಒಬ್ಬನೂ ತಲೆಯೆತ್ತಿ ಮೇಲೆ ನೋಡುತ್ತಿರಲಿಲ್ಲ. ಎಲ್ಲರೂ ಅಂಗೈಯಗಲದ ಗಾಜಿನಲ್ಲಿ ಅದನ್ನೇ ನೋಡಿ ಅಯ್ಯೋ, ಅಮ್ಮಾ ಎಂದು ನರಳುತ್ತಿದ್ದರು. ಹೆರಿಗೆ ಮನೆಯಲ್ಲೂ ಅಷ್ಟು ನರಳಾಟ ಕೇಳಿರಲಿಲ್ಲ ಅವಳು.

"ಥೂ," ಎಂದು ಪರದೆ ಎಳೆದಳು. ರೇಡಿಯೋ ಜೋರು ಮಾಡಿದಳು. ಸೂರ್ಯನ ಬಿರುಗಾಳಿಗೆ ರೇಡಿಯೋ ಹಾವಿನ ಹಾಗೆ ಬುಸುಗುಟ್ಟುತ್ತಿತ್ತು, ಆದರೂ ಹೊರಗಿನ ನರಳಾಟಕ್ಕಿಂತ ಮೇಲು. ಒಣಮಾಂಸದ ತುಂಡು ಬಾಯಿಗೆ ಹಾಕಿಕೊಂಡು ಗೋಡೆ ನೋಡುತ್ತ ಕೂತಳು.

ದಡದಲ್ಲಿ ಆಗ ನಡೆದದ್ದನ್ನು ಹೇಯ್ಕಾನೇ ಆಮೇಲೆ ಹೇಳಿದ. ವಿಲ್ಮರ್ ಫೋಟೋ ಸಾಲದು, ಚಲಿಸುವ ಚಿತ್ರವೂ ಬೇಕು ಎಂದ. ಚಲಿಸುವ ಚಿತ್ರಕ್ಕೆ ಸದ್ದು ಬೇಕು ಎಂದ. ಕೊರಳಲ್ಲಿ ಗಂಟೆ ಇದ್ದೂ ಮೂಕವಾಗಿದೆಯಲ್ಲ, ಎಂದ. ಹೇಯ್ಕಾ ಫೋನು ತೆಗೆದು ನೋಡಿದ. ಹಿಂಡಿನ ಕೆಲವು ಹೆಣ್ಣುಗಳ ಕೊರಳಿಗೆ ಜಾಗ ತೋರಿಸುವ ಪಟ್ಟಿ ಕಟ್ಟಿತ್ತು. ಫೋನಿನ ನಕ್ಷೆಯಲ್ಲಿ ಚುಕ್ಕಿಗಳು ದಿಬ್ಬದಿಂದ ಎಷ್ಟೋ ದೂರ, ಆಚೆ ಬಯಲಿನಲ್ಲಿ ನೆಮ್ಮದಿಯಾಗಿ ನಿಂತಿದ್ದವು. ಅಷ್ಟು ದೂರ ಗಂಟೆ ಕೇಳುವುದಿಲ್ಲ ಎಂದು ಅವನ ಲೆಕ್ಕ. ರೇಡಿಯೋ ಕೆಡಿಸಿದ ಬಿರುಗಾಳಿ ಆ ಪಟ್ಟಿಗಳನ್ನೂ ಕೆಡಿಸಿದೆ, ಚುಕ್ಕಿಗಳು ಬೆಳಗಿನ ಜಾಗದಲ್ಲೇ ಅಂಟಿಕೊಂಡಿವೆ ಎಂಬುದು ಅವನಿಗೆ ಹೊಳೆಯಲಿಲ್ಲ. ಹುಲ್ಲು ಕಿತ್ತು ಹಿಮಕ್ಕೆ ಎಸೆದ. ಬಿಳಿಯನನ್ನು ಹಿಡಿದು ಮಂಜುಗಡ್ಡೆಯ ಮೇಲೆ ನಡೆದ. ಇನ್ನೂ ಮುಂದೆ, ಎಂದ ವಿಲ್ಮರ್. ಮುಂದೆ ಹೋದ. ಇನ್ನೂ, ಎಂದ. ಹೋದ.

ಸುನ್ನಾಳಿಗೆ ಬುಸುಗುಟ್ಟುವಿಕೆ ತಲೆನೋವು ತಂದಿತು. ರೇಡಿಯೋ ಆರಿಸಿದಳು. ಆಗ ಕೇಳಿತು. ಗಂಟೆ.

ಬಾಯಲ್ಲಿದ್ದ ಮಾಂಸ ಉಗುಳಿ ಹೊರಗೆ ಓಡಿದಳು. ಅಂಗಳದಲ್ಲಿ ನಿಂತಾಗ ಇನ್ನೊಂದು ಸದ್ದು ಕೇಳಿತು. ಹಿಮಸಾರಂಗ ನಡೆಯುವಾಗ ಕಾಲಿನ ನರ ಟಿಕ್ ಟಿಕ್ ಎನ್ನುತ್ತದೆ. ಒಂದೇ ಆದರೆ ಅಜ್ಜಿ ಸ್ವೆಟರ್ ಹೆಣೆದ ಹಾಗೆ, ಹಿಂಡಾದರೆ ಲೋಕದ ಅಜ್ಜಿಯರೆಲ್ಲ ಒಟ್ಟಿಗೆ ಕೂತು ಹೆಣೆದ ಹಾಗೆ. ಆ ಸದ್ದು ದಿಬ್ಬದಾಚೆ ಇರಲಿಲ್ಲ, ಈಚೆ ಬಂದಾಗಿತ್ತು. ದಿಬ್ಬ ಬಳಸಿ, ಕೆರೆಯ ಆ ಬದಿಯಲ್ಲಿ ಕೆಂಪು ಹಿಮದ ಮೇಲೆ ಕೊಂಬುಗಳ ಕಾಡೊಂದು ಇಳಿದು, ಗಂಟೆಯ ಹಿಂದೆ ಮಂಜುಗಡ್ಡೆಗೆ ಕಾಲಿಡುತ್ತಿತ್ತು. ಹೆಣ್ಣುಗಳು ಮುಂದೆ, ಪಕ್ಕದಲ್ಲೇ ಆ ವರ್ಷದ ಮರಿಗಳು.

ಕೂಗುವಂತಿಲ್ಲ, ಬೆದರಿದರೆ ಓಡುತ್ತವೆ, ಓಡಿದರೆ ಗಡ್ಡೆ ಒಡೆಯುತ್ತದೆ. ಗಂಟೆ ನಿಲ್ಲಿಸುವಂತೆಯೂ ಇಲ್ಲ. ಗಂಟೆ ನಿಂತರೆ ಹಿಂಡು ದಿಕ್ಕು ತೋಚದೆ ಇದ್ದಲ್ಲೇ ಗಾಣದ ಹಾಗೆ ಸುತ್ತುತ್ತದೆ. ತೆಳು ಗಡ್ಡೆಯ ಮೇಲೆ ಅಷ್ಟು ಕಾಲು ಒಂದೇ ಜಾಗದಲ್ಲಿ ಸುತ್ತಿದರೆ ಮುಗಿಯಿತು. ಉಳಿದದ್ದು ಒಂದೇ ದಾರಿ, ಬಾರಿಸುತ್ತಲೇ ದಡಕ್ಕೆ ತರುವುದು.

ಸುನ್ನಾ ಗಡ್ಡೆಯ ಮೇಲೆ ನಡೆದಳು. ಹಿಂದಿನಿಂದ ಸ್ಟ್ಯಾಂಡಿನ ಸಾಲಿನವರು ಕಿರುಚಿದರು. ಅವಳಿಗೆ ಭಾಷೆ ತಿಳಿಯದಿದ್ದರೂ ಅರ್ಥ ತಿಳಿಯಿತು. ಅಡ್ಡ ಬರಬೇಡ, ಚಿತ್ರ ಕೆಡುತ್ತದೆ.

ಹೇಯ್ಕಾ ಗಡ್ಡೆಯ ನಡುವೆ ಬಿಳಿಯನ ಹಗ್ಗ ಹಿಡಿದು ಹಲ್ಲು ಬಿಟ್ಟುಕೊಂಡು ನಿಂತಿದ್ದ. ಅವಳ ಮುಖ ಕಂಡು ಹಲ್ಲು ಮುಚ್ಚಿದ. ತಿರುಗಿ ನೋಡಿದ. ಟೋಪಿಯ ಕೆಳಗೆ ಮುಖ ಹಿಟ್ಟಿನ ಹಾಗೆ ಬೆಳ್ಳಗಾಯಿತು.

"ದೊಡ್ಡಮ್ಮ, ಫೋನಲ್ಲಿ ಆಚೆ..."

"ಬಾಯ್ ಮುಚ್ಚು. ಓಡ್ಬೇಡ, ನಿಲ್ಬೇಡ. ನನ್ ಜೊತೆ ನಡಿ. ಗಂಟೆ ಬಾರಿಸ್ತಾ ಇರ್ಬೇಕು."

"ಎಲ್ಲಿಗೆ?"

ಎಲ್ಲಿಗೆ ಎಂದರೆ, ಎಡಕ್ಕೆ ಬಂಡೆ, ಹತ್ತಲಾಗದು. ಬಲಕ್ಕೆ ತೊರೆಯ ಬಾಯಿ, ಅಲ್ಲಿ ನೀರು ಇನ್ನೂ ಕಪ್ಪಗೆ ಉಸಿರಾಡುತ್ತಿತ್ತು. ದೋಣಿ ಎಳೆಯುವ ಇಳಿಜಾರು ಒಂದೇ ದಾರಿ. ಅಲ್ಲೇ ಸ್ಟ್ಯಾಂಡಿನ ಸಾಲು.

"ಅವ್ರಿಗೆ ಜಾಗ ಬಿಡಕ್ ಹೇಳು. ಮೆತ್ತಗ್ ಹೇಳು. ಹಣೆಗ್ ಕಟ್ಕೊಂಡಿರೋ ದೀಪ ಆರಿಸಕ್ ಹೇಳು."

ಹೇಯ್ಕಾ ಮೆತ್ತಗೆ ಹೇಳಿದ. ಒಬ್ಬರೂ ಕದಲಲಿಲ್ಲ. ಕದಲುವುದಿರಲಿ, ಸಂತೋಷದಲ್ಲಿ ಉಬ್ಬಿಹೋದರು. ಕೆಂಪು ಆಕಾಶ, ಕೆಂಪು ಕೆರೆ, ಮುಂದೆ ಬಿಳಿ ಸಾರಂಗ, ಹಿಂದೆ ಹಿಂಡೇ ಹಿಂಡು. ದೇವರೇ ಕೂತು ಜೋಡಿಸಿಕೊಟ್ಟರೂ ಇಷ್ಟು ಸಿಗದು. ಒಬ್ಬನು ಸಾರಂಗಗಳು ಕಿವಿ ನಿಮಿರಿಸಿ ನೋಡಲಿ ಎಂದು ಶಿಳ್ಳೆ ಹಾಕಿದ. ಆ ಬೆಳಕಿನ ಕೆಳಗೆ, ಉದ್ದನೆಯ ಶಿಳ್ಳೆ. ಸುನ್ನಾಳ ಬೆನ್ನಿನ ಮೇಲೆ ಹುಳ ಹರಿದ ಹಾಗಾಯಿತು.

ಹಿಂಡು ಒಮ್ಮೆಲೇ ನಿಂತಿತು. ಗಡ್ಡೆ ನರಳಿತು. ಆ ದಡದಿಂದ ಈ ದಡಕ್ಕೆ, ಹಳೇ ಬಾಗಿಲು ತೆರೆದ ಹಾಗೆ ಉದ್ದಕ್ಕೆ ನರಳಿತು. ಒಂದು ಮರಿಯ ಹಿಂಗಾಲು ಕೆಳಗೆ ಹೋಯಿತು, ತೊಡೆಯವರೆಗೆ. ತಾಯಿ ಹಿಂತಿರುಗಿ ಮರಿಯ ಬಳಿ ಮೂಗು ತಂದು ಗುರುಗುಟ್ಟಿತು.

"ಬಾರಿಸೋ," ಎಂದಳು ಸುನ್ನಾ. ಹೇಯ್ಕಾ ಹಗ್ಗ ಹಿಡಿದು ಮರಿಯನ್ನೇ ನೋಡುತ್ತಿದ್ದ. ಅವಳೇ ಬಿಳಿಯನ ಕೊರಳ ಗಂಟೆ ಹಿಡಿದು ಅಲ್ಲಾಡಿಸಿದಳು, ಮೆತ್ತಗೆ, ಬೆಟ್ಟ ಹತ್ತಿಸುವಾಗಿನ ಹಾಗೆಯೇ.

ದಡದಲ್ಲಿ ವಿಲ್ಮರ್ ಸ್ಟ್ಯಾಂಡು ಹೊತ್ತು ಮರಿಯ ಕಡೆ ತಿರುಗಿಸಿಟ್ಟ. ಉಸಿರು ಕಟ್ಟಿದವನ ಹಾಗೆ ಏನೋ ಅಂದ. ಹೇಯ್ಕಾ ತಲೆ ತಗ್ಗಿಸಿದ.

"ಏನಂದ?"

"ಏನಿಲ್ಲ ದೊಡ್ಡಮ್ಮ."

"ಹೇಳೋ."

"ಬಿದ್ರೆ... ಅದು ನೀರಿಗ್ ಬಿದ್ರೆ, ಆ ಕೆಂಪಲ್ಲಿ ಬಹಳ ಚೆನ್ನಾಗಿರುತ್ತಂತೆ."

ಜೀವಮಾನದಲ್ಲಿ ಸುನ್ನಾ ಹುಳ ಬಿದ್ದ ಗಾಯ ತೊಳೆದಿದ್ದಾಳೆ, ತೋಳ ಅರ್ಧ ತಿಂದುಬಿಟ್ಟ ಬಸಿರಿ ಸಾರಂಗವನ್ನು ಎಳೆದು ಹೂತಿದ್ದಾಳೆ. ಯಾವುದಕ್ಕೂ ಅವಳಿಗೆ ಹೀಗೆ ಹೇಸಿಗೆಯಾಗಿರಲಿಲ್ಲ. ತೋಳಕ್ಕೆ ಹಸಿವಾದರೂ ಇತ್ತು.

ಗಂಟೆ ಬಾರಿಸುತ್ತಲೇ ಇದ್ದಳು. ಮರಿ ಮುಂಗಾಲು ಊರಿ, ಜಾರಿ, ಮತ್ತೆ ಊರಿ, ಹೊಟ್ಟೆಯ ಮೇಲೆ ತೆವಳಿ ಮೇಲೆ ಬಂತು. ಮೈ ಕೊಡವಿತು. ತಾಯಿ ಗಂಟೆಯ ಕಡೆ ತಿರುಗಿತು. ಆಮೇಲೆ ಉಳಿದವೂ ತಿರುಗಿದವು.

ನಡೆದರು. ಬಿಳಿಯ ಇಳಿಜಾರಿಗೆ ಕಾಲಿಟ್ಟ. ಸ್ಟ್ಯಾಂಡಿನವರು ಆಗಲೂ ಕಣ್ಣು ಕ್ಯಾಮೆರಾಕ್ಕೆ ಅಂಟಿಸಿಕೊಂಡೇ ನಿಂತಿದ್ದರು. ಗಾಜಿನೊಳಗೆ ಸಾರಂಗ ಚಿಕ್ಕದಾಗಿಯೇ ಕಾಣುತ್ತದಲ್ಲ, ಹತ್ತಿರ ಬಂದದ್ದು ತಿಳಿಯಲಿಲ್ಲ. ತಿಳಿದಾಗ ತಡವಾಗಿತ್ತು. ಸಾಧು ಬಿಳಿಯ ಮೊದಲ ಸ್ಟ್ಯಾಂಡನ್ನು ಕೊಂಬಿನಲ್ಲಿ ಎತ್ತಿ, ಮದುವಣಿಗನ ಬಾಸಿಂಗದ ಹಾಗೆ ಹೊತ್ತುಕೊಂಡೇ ಹೋದ. ಅವನ ಹಿಂದೆ ಹಿಂಡು. ಟಿಕ್ ಟಿಕ್ ಎನ್ನುತ್ತ, ಮೈ ಆವಿಯಾಡುತ್ತ, ಗಾಬರಿಗೆ ಹಿಕ್ಕೆ ಹಾಕುತ್ತ, ಸಾಲನ್ನು ತುಳಿದು ಅಂಗಳಕ್ಕೆ ಹತ್ತಿತು. ಒಬ್ಬಳು ಕಾರಿನ ಮೇಲೆ ಏರಿದಳು. ಶಿಳ್ಳೆಯವನು ಸೌದೆ ರಾಶಿಯ ಹಿಂದೆ ಓಡಿ, ತಮ್ಮವರು ಮಾಡಿಟ್ಟ ಹಳದಿ ಹಿಮದಲ್ಲಿ ಬೋರಲು ಬಿದ್ದ.

ಸುನ್ನಾ ಕೊನೆಯ ಮರಿ ದಡ ಹತ್ತುವವರೆಗೂ ಇಳಿಜಾರಿನಲ್ಲಿ ನಿಂತಿದ್ದಳು. ಒದ್ದೆ ಕಾಲಿನ ಮರಿ ಕುಂಟುತ್ತ ಬಂತು, ತಾಯಿಯ ಹೊಟ್ಟೆಯ ಕೆಳಗೆ ತಲೆ ಹಾಕಿತು. ಎಲ್ಲ ಬಂದಿದ್ದವು. ಆಗ ಅವಳು ಹಿಮದ ಮೇಲೇ ಕೂತಳು. ಹೇಯ್ಕಾ ಪಕ್ಕದಲ್ಲಿ ಕೂತು ಮೂಗು ಒರೆಸಿಕೊಂಡು ಅಳುತ್ತಿದ್ದ.

"ತಪ್ಪಾಯ್ತು ದೊಡ್ಡಮ್ಮ."

"ಅಳ್ಬೇಡ. ಕಣ್ಣೀರು ಗಡ್ಡೆ ಕಟ್ಟಿದ್ರೆ ರೆಪ್ಪೆ ಅಂಟ್ಕೊಳುತ್ತೆ, ಆಮೇಲೆ ನಾನ್ ಕಿತ್ತು ಬಿಡಿಸ್ಬೇಕು."

ಆಕಾಶ ಇನ್ನೂ ಕೆಂಪಾಗಿಯೇ ಇತ್ತು, ಬಿರುಗಾಳಿ ಇಳಿದಿರಲಿಲ್ಲ. ವಿಲ್ಮರ್ ಎದ್ದು ಬಂದ. ಎದೆಯ ಮೇಲೆ ಒಂದು ಗೊರಸಿನ ಗುರುತು, ಭುಜದ ಮೇಲೆ ಹಿಕ್ಕೆ. ಕ್ಷಮೆ ಕೇಳಲು ಬಂದನೇನೋ ಎಂದು ಸುನ್ನಾಳಿಗೆ ಒಂದು ಗಳಿಗೆ ಅನಿಸಿತು, ಅವಳೂ ಮನುಷ್ಯಳೇ ತಾನೇ. ಅವನು ಕ್ಯಾಮೆರಾ ಎತ್ತಿ ತೋರಿಸಿದ. ಗಾಜು ಕಪ್ಪಗಿತ್ತು. ಏನೋ ಹೇಳಿದ, ನಗುತ್ತ, ಒಂದು ಬೆರಳೆತ್ತಿ.

ಹೇಯ್ಕಾ ಮುಖ ಆಚೆ ತಿರುಗಿಸಿದ.

"ಏನಂತೆ?"

"ಚಳಿಗೆ ಬ್ಯಾಟರಿ ಸತ್ತೋಯ್ತಂತೆ. ಒಂದೂ ಬಂದಿಲ್ವಂತೆ. ಈಗ ಬೇರೆ ಬ್ಯಾಟರಿ ಹಾಕ್ತಾನಂತೆ. ಇನ್ನೊಂದ್ ಸಲ, ಮೊದ್ಲಿಂದ, ಗಡ್ಡೆ ಮೇಲಿಂದ ಕರ್ಕೊಂಡ್ ಬರಕಾಗುತ್ತಾ ಅಂತ ಕೇಳ್ತಿದಾನೆ."

ಸುನ್ನಾ ವಿಲ್ಮರನ ಮುಖ ನೋಡಿದಳು. ಆಮೇಲೆ ಕೆರೆಯ ಕಡೆ ನೋಡಿದಳು. ಮರಿಯ ಕಾಲು ಹೋದ ಜಾಗದಲ್ಲಿ ನೀರು ಮೇಲೆ ಬಂದು, ಕೆಂಪು ಆಕಾಶವನ್ನು ಕನ್ನಡಿಯ ಹಾಗೆ ಹಿಡಿದಿತ್ತು. ಸುತ್ತ ಬಿರುಕು, ಜೇಡನ ಬಲೆಯ ಹಾಗೆ. ಅವಳು ಎದ್ದು ನಿಂತಳು. ಬಟ್ಟೆಯ ಹಿಮ ಕೊಡವಿದಳು. ಮುಖದಲ್ಲಿ ನಗು ಬಂತು, ಎಷ್ಟು ಸಿಹಿ ನಗು ಅಂದರೆ ಹೇಯ್ಕಾ ಹಿಂದೆ ಸರಿದ.

"ಆಗ್ಲಿ ಅಂತ ಹೇಳು," ಎಂದಳು. "ಯಾಕಾಗಲ್ಲ. ಆದ್ರೆ ದಡದಿಂದ ತೆಗೆದ್ರೆ ಏನ್ ಚೆಂದ? ಅಲ್ಲಿ ಹೋಗಿ ನಿಂತ್ಕೊಳಕ್ ಹೇಳು. ಆ ಕೆಂಪು ಕನ್ನಡಿ ಪಕ್ಕದಲ್ಲಿ. ಎದುರಿಗೇ ಬರ್ತೀವಿ ಅಂತ ಹೇಳು."

ವಿಲ್ಮರ್ ಅವಳ ಬೆರಳು ತೋರಿಸಿದ ಕಡೆ ನೋಡಿದ. ಕಣ್ಣು ಹೊಳೆಯಿತು. ಹೊಸ ಬ್ಯಾಟರಿ ಹಾಕಿ, ಮುಚ್ಚಳ ಒತ್ತಿ, ಹೇಯ್ಕಾನ ಬಾಯನ್ನೇ ನೋಡುತ್ತ ನಿಂತ. ಸುನ್ನಾಳೂ ಅವನ ಬಾಯನ್ನೇ ನೋಡಿದಳು. ಹೇಯ್ಕಾ ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಂಡಿದ, ಒಮ್ಮೆ ಕೆರೆ ನೋಡಿದ, ಒಮ್ಮೆ ದೊಡ್ಡಮ್ಮನನ್ನು ನೋಡಿದ, ಆಮೇಲೆ ಬಾಯಿ ತೆರೆದ.

ಅವನು ಏನು ಹೇಳಿದ? ಆ ಮನುಷ್ಯ ಹೋದನೋ, ನಿಂತನೋ? ಅವನು ಹೋಗಲಿ ಎಂದಿತ್ತೋ, ಬೇಡ ಎಂದಿತ್ತೋ ಸುನ್ನಾಳ ಒಳಮನಸ್ಸಿನಲ್ಲಿ? ಇಷ್ಟು ಹೊತ್ತು ಬೆಚ್ಚಗೆ ಕೂತು ಕೇಳಿದ್ದೀರಿ, ಇನ್ನು ನೀವೇ ಹೇಳಿ ನೋಡೋಣ.